ಹೆಸರಿಲ್ಲದ ಮಡಕೆ, ಹೆಸರಿರುವ ಪೆಟ್ಟಿಗೆ

ಜಪಾನಿನ ಆಧುನಿಕ ಕುಂಬಾರರ ಬಗ್ಗೆ ಬರೆಯುವವರು ಒಂದು ಸಂಗತಿಯನ್ನು ತಪ್ಪದೆ ಮೆಚ್ಚಿಕೊಂಡು ಹೇಳುತ್ತಾರೆ: ಅವರಲ್ಲಿ ಹಿರಿಯರಾದ ಇಬ್ಬರು ತಾವು ಮಾಡಿದ ಪಾತ್ರೆಗಳ ಮೇಲೆ ಹೆಸರು ಹಾಕುವುದನ್ನೇ ಬಿಟ್ಟುಬಿಟ್ಟರು ಎಂದು. ಕೇಳಿದ ಕೂಡಲೇ ನಮಗೆ ಗೌರವ ಮೂಡುತ್ತದೆ. ‘ನಾನು’ ಎಂಬುದನ್ನು ಕಳೆದುಕೊಂಡವನೇ ದೊಡ್ಡವನು ಎಂಬ ಮಾತನ್ನು ಕೇಳುತ್ತಲೇ ಬೆಳೆದವರಲ್ಲವೆ ನಾವು? ಆದರೆ ಹೆಸರನ್ನು ಬಿಡುವುದಕ್ಕೆ ಮೊದಲು ಹೆಸರು ಇರಬೇಕು. ಈ ಸಣ್ಣ ಮಾತನ್ನು ಇಟ್ಟುಕೊಂಡು ಆ ಕುಂಬಾರರ ಬದುಕನ್ನೂ ಕೆಲಸವನ್ನೂ ನೋಡಿದರೆ ಹೇಗೆ ಕಾಣುತ್ತದೆ ಎಂಬುದೇ ಈ ಬರಹದ ವಿಷಯ. ನಾನು ಜಪಾನಿಗೆ ಹೋದವಳಲ್ಲ. ಪುಸ್ತಕಗಳಲ್ಲಿ ಓದಿದ್ದು, ಚಿತ್ರಗಳಲ್ಲಿ ನೋಡಿದ್ದು, ಅಷ್ಟೇ ನನ್ನ ಬಂಡವಾಳ.

ಕಥೆ ಆರಂಭವಾಗುವುದು ಯನಾಗಿ ಸೋಎತ್ಸು (1889–1961) ಎಂಬ ಚಿಂತಕರಿಂದ. ಜಪಾನಿನಲ್ಲಿ ಮನೆತನದ ಹೆಸರು ಮೊದಲು, ಇಟ್ಟ ಹೆಸರು ಆಮೇಲೆ. ಕಾರ್ಖಾನೆಯ ಸಾಮಾನು ಮನೆ ಮನೆಗೆ ನುಗ್ಗುತ್ತಿದ್ದ ಕಾಲದಲ್ಲಿ ಯನಾಗಿಯವರು ಹಳ್ಳಿಯ ಅನ್ನದ ಬಟ್ಟಲು, ನೀರಿನ ಜಾಡಿ, ಎಣ್ಣೆಯ ತಟ್ಟೆಗಳನ್ನು ಕೈಗೆತ್ತಿಕೊಂಡು, ನಿಜವಾದ ಚೆಲುವು ಇರುವುದು ಇಲ್ಲಿ ಎಂದರು. ದಿನಬಳಕೆಗೆಂದು, ಅಗ್ಗವಾಗಿ, ಸಾಲುಸಾಲಾಗಿ, ಹೆಸರಿಲ್ಲದ ಕೈಗಳು ಮಾಡಿದ ವಸ್ತುವಿನಲ್ಲಿ ಅಹಂಕಾರವಿಲ್ಲ. ಅದಕ್ಕೇ ಅದು ಸುಂದರ ಎಂಬುದು ಅವರ ವಾದ. 1925ರಲ್ಲಿ ಅವರೂ ಅವರ ಕುಂಬಾರ ಗೆಳೆಯರಾದ ಹಮಾದಾ ಶೋಜಿ, ಕವಾಯಿ ಕಾಂಜಿರೋ ಅವರೂ ಸೇರಿ ಇದಕ್ಕೆ ‘ಮಿಂಗೇ’ ಎಂದು ಹೆಸರಿಟ್ಟರು. ಜನಸಾಮಾನ್ಯರ ಕಲೆ ಎಂದು ಅರ್ಥ. 1936ರಲ್ಲಿ ಟೋಕಿಯೋದಲ್ಲಿ ಇಂಥ ವಸ್ತುಗಳಿಗೇ ಒಂದು ಸಂಗ್ರಹಾಲಯವೂ ತೆರೆಯಿತು.

ಹಮಾದಾ (1894–1978) ಓದಿಕೊಂಡವರು. ಟೋಕಿಯೋದ ತಾಂತ್ರಿಕ ಶಾಲೆಯಲ್ಲಿ ಮಣ್ಣಿನ ಕೆಲಸದ ಶಾಸ್ತ್ರವನ್ನು ಕಲಿತು, 1920ರಲ್ಲಿ ಬರ್ನಾರ್ಡ್ ಲೀಚ್ ಜೊತೆಗೆ ಇಂಗ್ಲೆಂಡಿಗೆ ಹೋಗಿ, ಸೇಂಟ್ ಐವ್ಸ್ ಎಂಬ ಊರಿನಲ್ಲಿ ಆವಿಗೆ ಕಟ್ಟಿ ಬಂದವರು. ತಿರುಗಿ ಬಂದವರು ನೆಲೆಸಿದ್ದು ಮಾಶಿಕೋ ಎಂಬ ಹಳ್ಳಿಯಲ್ಲಿ. 1853ರಲ್ಲಿ ಅಲ್ಲಿ ಮೊದಲ ಆವಿಗೆ ಹಾಕಿದಂದಿನಿಂದ ಆ ಊರಿನ ಕೆಲಸವೆಂದರೆ ಟೋಕಿಯೋದ ಅಡಿಗೆಮನೆಗಳಿಗೆ ಜಾಡಿ, ಟೀಪಾಟ್, ಅರೆಯುವ ಬೋಗುಣಿಗಳನ್ನು ಒದಗಿಸುವುದು. ಹಮಾದಾ ಅಲ್ಲಿಯ ಒರಟು ಮಣ್ಣನ್ನೇ ಬಳಸಿದರು; ಕೋಲಿನಿಂದ ತಿರುಗಿಸುವ ತಿಗರಿಯನ್ನೇ ಇಟ್ಟುಕೊಂಡರು. ಊರಿನ ಕಲ್ಲಿನ ಪುಡಿಯಿಂದ ಕೆಂಗಂದು ಗ್ಲೇಜ್, ಭತ್ತದ ಹೊಟ್ಟಿನ ಬೂದಿಯಿಂದ ಹಾಲುಬಿಳುಪಿನ ಗ್ಲೇಜ್. ನಮ್ಮ ಉಪ್ಪಿನಕಾಯಿ ಜಾಡಿಯ ಮೇಲಿನ ಹೊಳಪಿದೆಯಲ್ಲ, ಅದೇ ಗ್ಲೇಜ್. ಅವರ ತಟ್ಟೆಗಳ ಚಿತ್ರ ನೋಡಿದರೆ ಮೊದಲು ಅನ್ನಿಸುವುದು, ಇದು ಬಡಿಸಲು ಮಾಡಿದ ತಟ್ಟೆ ಎಂದು. ಸೌಟಿನಿಂದ ಸುರಿದ ಗ್ಲೇಜ್ ಅಡ್ಡಕ್ಕೂ ಉದ್ದಕ್ಕೂ ಓಡಿ ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಿರುತ್ತದೆ. ಇಷ್ಟು ಬೇಗ ಮುಗಿಯಿತೆ ಎಂದವರಿಗೆ, ಈ ಹದಿನೈದು ಸೆಕೆಂಡಿನ ಹಿಂದೆ ಅರವತ್ತು ವರ್ಷಗಳಿವೆ ಎಂಬ ಅರ್ಥದ ಉತ್ತರ ಕೊಟ್ಟರಂತೆ. 1955ರಲ್ಲಿ ಸರ್ಕಾರ ಅವರನ್ನು ಜೀವಂತ ರಾಷ್ಟ್ರನಿಧಿ ಎಂದು ಗೌರವಿಸಿತು.

ಕವಾಯಿಯವರದು (1890–1966) ಇನ್ನೊಂದು ಸ್ವಭಾವ. ಕ್ಯೋಟೋದಲ್ಲಿ ಮನೆ, ಮನೆಯ ಹಿಂದೆ ಮೆಟ್ಟಿಲು ಮೆಟ್ಟಿಲಾಗಿ ಏರುವ ದೊಡ್ಡ ಆವಿಗೆ. ನೆರೆಯ ಕುಂಬಾರರೂ ತಮ್ಮ ಪಾತ್ರೆಗಳನ್ನು ತಂದು ಅದರಲ್ಲಿ ಸುಡುತ್ತಿದ್ದರು. ಸ್ನೇಹಿತರೊಬ್ಬರು ಕಳಿಸಿದ ಅವರ ಕೆಲಸಕ್ಕೆ 1937ರಲ್ಲಿ ಪ್ಯಾರಿಸ್ಸಿನಲ್ಲಿ, 1957ರಲ್ಲಿ ಮಿಲಾನಿನಲ್ಲಿ ದೊಡ್ಡ ಬಹುಮಾನ ಬಂತು. ತಮ್ಮ ದೇಶ ಕೊಡಲು ಬಂದ ರಾಷ್ಟ್ರನಿಧಿಯ ಗೌರವವನ್ನು ಅವರು ಬೇಡವೆಂದರು. ಅದು ಒಣ ವೈರಾಗ್ಯವಲ್ಲ. ಮುಪ್ಪಿನಲ್ಲಿ ಮಾಡಿದ ಅವರ ಪಾತ್ರೆಗಳು ಸೊಟ್ಟ, ದಪ್ಪ, ಮೂರು ಬಾಯಿ, ಚೆಲ್ಲಿದಂಥ ಕೆಂಪು ಹಸಿರು. ಮಗುವಿನ ಆಟದಂತೆ ಅವು ನಗುತ್ತವೆ. ಇದು ಬೇಡವೆಂದರೂ ಸಾಗುವವರ ನಗು.

ಈಗ ಅದೇ ಮಾಶಿಕೋದ ಇನ್ನೊಬ್ಬರನ್ನು ನೋಡೋಣ. ಮಿನಾಗಾವಾ ಮಾಸು (1874–1960). ಹತ್ತು ವರ್ಷದ ಆಸುಪಾಸಿನಲ್ಲಿ ಕುಂಚ ಹಿಡಿದ ಈ ಹೆಂಗಸು ಬೇರೆಯವರು ತಿಗರಿಯಲ್ಲಿ ಎತ್ತಿದ ಅಗ್ಗದ ಟೀಪಾಟುಗಳ ಮೇಲೆ ಬೆಟ್ಟ, ನೀರು, ಗುಡಿಸಲು, ಮರ ಬರೆಯುತ್ತಿದ್ದರು. ದಿನಕ್ಕೆ ಐನೂರು, ಕೆಲವು ದಿನ ಸಾವಿರದವರೆಗೂ ಬರೆಯುತ್ತಿದ್ದರೆಂದು ಹೇಳುತ್ತಾರೆ. ಚಿತ್ರದಲ್ಲಿ ನೋಡಿದರೂ ಗೊತ್ತಾಗುತ್ತದೆ: ಎರಡು ಬೀಸಿಗೆ ಬೆಟ್ಟ, ನಾಲ್ಕು ಚುಕ್ಕೆಗೆ ಮರ, ಎಲ್ಲೂ ತಡವರಿಕೆಯಿಲ್ಲ. ರೊಟ್ಟಿ ತಟ್ಟಿ ತಟ್ಟಿ ಕೈಗೆ ದುಂಡು ಕೂತವಳು ಅಳತೆ ನೋಡುತ್ತಾಳೆಯೆ?

ಯನಾಗಿಯವರು ಕೊಂಡಾಡಿದ ಹೆಸರಿಲ್ಲದ ಕೈ ಇದಕ್ಕಿಂತ ಬೇರೆ ಯಾವುದಿದ್ದೀತು? ಮಾಸು ಅವರ ಹೆಸರು ಹೊರಗಿನವರಿಗೆ ತಿಳಿದದ್ದರಲ್ಲಿ ಈ ಚಳವಳಿಯವರ ಮೆಚ್ಚುಗೆಯ ಪಾಲು ದೊಡ್ಡದು, ಅದನ್ನು ಒಪ್ಪಲೇಬೇಕು. ಆದರೂ ಲೆಕ್ಕ ಎಲ್ಲಿ ತಪ್ಪಿತು ನೋಡಿ. ಹಮಾದಾ ಅವರ ಹದಿನೈದು ಸೆಕೆಂಡಿಗೆ ಅರವತ್ತು ವರ್ಷ ಸೇರಿಸಿ ಎಣಿಸಿದ ಜಗತ್ತು, ಮಾಸು ಅವರ ನಾಲ್ಕು ಬೀಸಿಗೆ ಹಾಗೆ ಎಣಿಸಲಿಲ್ಲ. ಅವರ ಕುಂಚದ ಹಿಂದೆಯೂ ಅರವತ್ತು ವರ್ಷಕ್ಕೆ ಮೀರಿದ ದುಡಿಮೆ ಇತ್ತು. ಒಬ್ಬರದು ಸಾಧನೆ ಎನ್ನಿಸಿಕೊಂಡಿತು, ಇನ್ನೊಬ್ಬರದು ಅಭ್ಯಾಸ ಎನ್ನಿಸಿಕೊಂಡಿತು.

ಇನ್ನೂ ಒಂದು ಸಂಗತಿ. ಜಪಾನಿನಲ್ಲಿ ಬೆಲೆಬಾಳುವ ಪಾತ್ರೆಯನ್ನು ಅದಕ್ಕೆಂದೇ ಮಾಡಿಸಿದ ಮರದ ಪೆಟ್ಟಿಗೆಯಲ್ಲಿ ಇಡುತ್ತಾರೆ. ಹಮಾದಾ ಪಾತ್ರೆಗೆ ಸಹಿ ಹಾಕದಿದ್ದರೂ ಪೆಟ್ಟಿಗೆಯ ಮೇಲೆ ಹಾಕುತ್ತಿದ್ದರು. ಕೊಳ್ಳುವವರು ಆ ಪೆಟ್ಟಿಗೆಯನ್ನು ಕೇಳಿ ಪಡೆಯುತ್ತಾರೆ. ಇದನ್ನು ನಾನು ಕಪಟ ಎನ್ನುವುದಿಲ್ಲ. ಮಾರುಕಟ್ಟೆಯಲ್ಲಿ ಬದುಕುವವರಿಗೆ ಅದರ ರೀತಿನೀತಿ ತಪ್ಪದು. ಆದರೆ ಅನಾಮಿಕತೆಯ ಹೊಗಳಿಕೆಯನ್ನು ಓದುವಾಗ ಈ ಪೆಟ್ಟಿಗೆಯನ್ನು ಮರೆಯಬಾರದು. ಹಾಗೆಯೇ 1924ರಲ್ಲಿ ಅವರನ್ನು ಮದುವೆಯಾದ ಕಝುಯೆ ಅವರನ್ನೂ ಮರೆಯಬಾರದು. ಶಿಷ್ಯರೂ ದೇಶವಿದೇಶದ ಅತಿಥಿಗಳೂ ಬಂದು ಹೋಗುತ್ತಿದ್ದ ಮನೆ ಅದು. ಕುಂಬಾರರ ಜೀವನಚರಿತ್ರೆಗಳಲ್ಲಿ ಹೆಂಡತಿಗೆ ಸಿಗುವುದು ಮದುವೆಯ ಇಸವಿ ಇರುವ ಒಂದು ಸಾಲು. ಆ ಬಟ್ಟಲುಗಳಿಗೆ ಅನ್ನ ತುಂಬಿದವರು ಯಾರು ಎಂದು ಬಳಕೆಯ ಸೌಂದರ್ಯವನ್ನು ಕುರಿತು ಬರೆದವರು ಕೇಳಬೇಕಿತ್ತು.

ಮೂವತ್ತು ವರ್ಷ ತರಗತಿಯಲ್ಲಿ ಹಾಜರಿ ಕರೆದ ನನಗೆ ಒಂದು ಗೊತ್ತು: ಹೆಸರು ಕರೆದಾಗ ಮಗುವಿನ ಬೆನ್ನು ನೆಟ್ಟಗಾಗುತ್ತದೆ. ಮುಂದೆ ಅದೇ ಹುಡುಗಿ ಇಂಥವರ ಹೆಂಡತಿ, ಇಂಥವರ ತಾಯಿ ಆದಮೇಲೆ, ಹೆಸರು ಬಿಡುವುದೇ ಹಿರಿಮೆ ಎಂದು ಅವಳಿಗೆ ಬೋಧಿಸುವ ಅಗತ್ಯವಿಲ್ಲ. ಅದು ಆಗಲೇ ಅರ್ಧ ಹೋಗಿರುತ್ತದೆ.

ಆದ್ದರಿಂದಲೇ ಜಪಾನಿನ ಮುಂದಿನ ಪೀಳಿಗೆಯ ಹೆಂಗಸರು ಹೆಸರನ್ನು ಬಿಡುವ ದಾರಿ ಹಿಡಿಯಲಿಲ್ಲ, ಗಳಿಸುವ ದಾರಿ ಹಿಡಿದರು. 1957ರಲ್ಲಿ ತ್ಸುಬೋಯಿ ಅಸುಕಾ (1932–2022) ಕ್ಯೋಟೋದಲ್ಲಿ ಮಹಿಳಾ ಕುಂಬಾರರ ಸಂಘ ಕಟ್ಟಿದರು. ಹೆಂಗಸರ ಕೈಚೀಲ, ಕಿಮೋನೋದ ತೋಳುಗಳನ್ನು ಮಣ್ಣಿನಲ್ಲಿ ಮಾಡಿ, ಮೇಲೆ ಬಂಗಾರ ಬೆಳ್ಳಿಯ ಜರತಾರಿ ಬರೆದವರು ಅವರು. ಯಾವುದು ಕಲೆಗೆ ತಕ್ಕ ವಸ್ತು ಎಂಬುದನ್ನು ತಾವೇ ತೀರ್ಮಾನಿಸಿದ ಧೈರ್ಯ ಅದು.

ಶಿಗರಾಕಿಯ ಕೋಯಾಮಾ ಕಿಯೋಕೊ ಅವರದು ಇನ್ನೂ ಕಠಿಣವಾದ ದಾರಿ. 1936ರಲ್ಲಿ ಹುಟ್ಟಿದ ಅವರ ಮೊದಲ ಕೆಲಸ ಕೆಂಡದ ಒಲೆಗಳ ಮೇಲೆ ಚಿತ್ರ ಬರೆಯುವುದು, ಮಾಸು ಅವರದಂಥದೇ. ಹೆಂಗಸು ಆವಿಗೆಯ ಬಳಿ ಬಂದರೆ ಮೈಲಿಗೆ ಎನ್ನುತ್ತಿದ್ದ ಊರಿನಲ್ಲಿ, 1970ರಲ್ಲಿ ಅವರು ಹಳೆಯ ಬಗೆಯ ಸುರಂಗದಂಥ ಆವಿಗೆ ಕಟ್ಟಿಸಿಕೊಂಡರು. ಹಗಲು ರಾತ್ರಿ, ದಿನಗಟ್ಟಲೆ ಸೌದೆ ಉರಿಸಿದರೆ, ಹಾರಿದ ಬೂದಿ ಪಾತ್ರೆಯ ಮೇಲೆ ಕೂತು ಕರಗಿ ಹಸಿರು ಗಾಜಾಗಿ ಇಳಿಯುತ್ತದೆ. ಗ್ಲೇಜ್ ಬಳಿಯುವ ಕೈಯೇ ಇಲ್ಲಿಲ್ಲ. ಗಂಡ ಬಿಟ್ಟುಹೋದ ಮೇಲೆ ಮಕ್ಕಳನ್ನು ಸಾಕಿಕೊಂಡು ಅವರು ಈ ಹಳೆಯ ವಿದ್ಯೆಯನ್ನು ಮರಳಿ ಹಿಡಿದರು. ತಾನೂ ಕುಂಬಾರನಾಗಿದ್ದ ಮಗನಿಗೆ ರಕ್ತದ ಕ್ಯಾನ್ಸರ್ ಬಂದಾಗ ದಾನಿಗಾಗಿ ಊರೂರು ಕೂಗಿದರು. ಜಪಾನಿನಲ್ಲಿ ಅಸ್ಥಿಮಜ್ಜೆ ಬ್ಯಾಂಕ್ ಬರಲು ಹೋರಾಡಿದ ದನಿಗಳಲ್ಲಿ ಅವರದೂ ಒಂದು. ಮಗ 1992ರಲ್ಲಿ ತೀರಿಕೊಂಡ. 2005ರಲ್ಲಿ ಅವರ ಬದುಕು ಸಿನಿಮಾ ಆಯಿತು.

ಆ ಸಿನಿಮಾದಿಂದ ಒಂದು ಅಪಾಯವೂ ಇದೆ. ಗಂಡಸರ ಪಾತ್ರೆಗಳಲ್ಲಿ ತತ್ತ್ವ ಹುಡುಕುವ ನಾವು, ಹೆಂಗಸರ ಪಾತ್ರೆಗಳಲ್ಲಿ ಕಣ್ಣೀರನ್ನಷ್ಟೇ ಹುಡುಕಿಬಿಡುತ್ತೇವೆ. ಕೋಯಾಮಾ ಅವರ ಜಾಡಿಯ ಹೆಗಲ ಮೇಲೆ ನಿಂತ ಹಸಿರು ಅವರ ದುಃಖದ ಗುರುತಲ್ಲ. ಎಷ್ಟು ಉರಿ, ಎಲ್ಲಿ ಪಾತ್ರೆ, ಯಾವಾಗ ಸೌದೆ ಎಂಬುದನ್ನು ಸುಟ್ಟು ಸುಟ್ಟು ಕಲಿತ ತಿಳಿವಳಿಕೆ ಅದು.

ಮಿಂಗೇ ಎಂಬ ವಿಚಾರವನ್ನು ನಾನು ತಳ್ಳಿಹಾಕುವುದಿಲ್ಲ. ಅಡಿಗೆಮನೆಯ ಬಟ್ಟಲನ್ನು ಸಂಗ್ರಹಾಲಯದ ಕಪಾಟಿಗೆ ಏರಿಸಿದ್ದು ಸಣ್ಣ ಕೆಲಸವಲ್ಲ. ನನ್ನ ತಕರಾರು ಇಷ್ಟೇ: ಬಟ್ಟಲನ್ನು ಮೇಲೆತ್ತಿ, ಮಾಡಿದವಳನ್ನು ಹೆಸರಿಲ್ಲದವಳಾಗಿಯೇ ಇರು ಎನ್ನುವುದು ಅರ್ಧ ನ್ಯಾಯ. ಕವಾಯಿಯವರಂತೆ ಬಿಡುವ ಸ್ವಾತಂತ್ರ್ಯ ಎಲ್ಲರಿಗೂ ಇರಲಿ. ಮೊದಲು ಕೈಗೆ ಹೆಸರು ಬರಲಿ. ನೀವು ಎಲ್ಲಿಯಾದರೂ ಹಮಾದಾ ಅವರ ತಟ್ಟೆಯ ಚಿತ್ರ ಕಂಡರೆ ಮನಸಾರೆ ನೋಡಿ, ಅದು ನೋಡಬೇಕಾದದ್ದೇ. ಅದರ ಪಕ್ಕದಲ್ಲಿ ಮಾಸು ಅವರ ಬೆಟ್ಟದ ಟೀಪಾಟನ್ನೂ ಇಟ್ಟು ನೋಡಿ. ಒಂದೇ ಊರಿನ ಕೆಲಸವೆಂದು ಗೊತ್ತಿದ್ದರೆ ಎರಡೂ ಇನ್ನಷ್ಟು ಚೆನ್ನಾಗಿ ಕಾಣುತ್ತವೆ.