ಹೆಸರಿನಲ್ಲಿರುವ ಬೆಳ್ಳಿ

ಮದಲೂರಿನ ಮನೆಯಲ್ಲಿ ಪಾಲಾದಾಗ ಅಕ್ಕನಿಗೆ ಬೆಳ್ಳಿ ಚೊಂಬು ಹೋಯಿತು, ನನಗೆ ಆರು ಚಮಚ, ಆರು ಫೋರ್ಕು. "ಜರ್ಮನ್ ಸಿಲ್ವರ್ ಕಣೇ, ತೂಕಕ್ಕೆ ಸರಿಹೋಯ್ತು" ಎಂದರು ದೊಡ್ಡವರು. ನಾನೂ ಹಿಗ್ಗಿದೆ. ಶಿರಾದ ಅಂಗಡಿಯಲ್ಲಿ ಒರೆಗಲ್ಲಿಗೆ ಉಜ್ಜಿ ನೋಡಿದವರು ನಕ್ಕುಬಿಟ್ಟರು.

ಜರ್ಮನ್ ಸಿಲ್ವರ್ ಎಂಬುದರಲ್ಲಿ ಬೆಳ್ಳಿ ಎಳ್ಳಷ್ಟೂ ಇಲ್ಲ. ತಾಮ್ರ, ನಿಕಲ್, ಸತು, ಅಷ್ಟೇ. ಜರ್ಮನಿಯ ನಿಜವಾದ ಬೆಳ್ಳಿಯೇ ಬೇರೆ. ಅಲ್ಲಿ 1888ರಿಂದ ಜಾರಿಗೆ ಬಂದ ಕಾನೂನಿನಂತೆ ಅದರ ಬೆನ್ನಿಗೆ ಅರ್ಧಚಂದ್ರ, ಕಿರೀಟ, ಜೊತೆಗೆ ಸಾಮಾನ್ಯವಾಗಿ 800 ಎಂಬ ಅಂಕಿ ಇರುತ್ತದೆ. ಸಾವಿರ ಪಾಲಿನಲ್ಲಿ 800 ಪಾಲು ಬೆಳ್ಳಿ. ಬರಿಯ 90 ಎಂದಿದ್ದರೆ ನೂರಕ್ಕೆ ತೊಂಬತ್ತೆಂದು ಮೋಸಹೋಗಬೇಡಿ. ಹನ್ನೆರಡು ಚಮಚ, ಹನ್ನೆರಡು ಫೋರ್ಕಿಗೆ ಒಟ್ಟು 90 ಗ್ರಾಂ ಬೆಳ್ಳಿಯ ಲೇಪ, ಅಷ್ಟೆ.

ಹಳೆಯ ಚಮಚ ಕೂಡಿಡುವ ಗೆಳತಿಯರ ಮೇಲೆ ನನ್ನ ತಕರಾರು ಇದೇ. ಹಿಡಿಯ ಹೂಬಳ್ಳಿಗೆ ಮರುಳಾಗುತ್ತಾರೆ, ಬೆನ್ನು ತಿರುಗಿಸಿ ನೋಡುವುದಿಲ್ಲ. ಕೊಂಡದ್ದನ್ನು ಮಖಮಲ್ಲಿನ ಮೇಲೆ ಮಲಗಿಸಿ ಷೋಕೇಸಿಗೆ ಬೀಗ ಹಾಕುತ್ತಾರೆ. ಬಳಸದ ಬೆಳ್ಳಿ ಬೇಗ ಕಪ್ಪಾಗುತ್ತದೆ, ಆಮೇಲೆ ವಿಭೂತಿ ಹಾಕಿ ತಿಕ್ಕುವ ಪಾಡು! (ಮುದ್ದೆ ನುಂಗುವ ನಮ್ಮ ಸೀಮೆಯಲ್ಲಿ ಫೋರ್ಕು ಯಾತಕ್ಕೆ ಬಂತೋ, ಕೇಳೋಣವೆಂದರೆ ಅಜ್ಜನೂ ಇಲ್ಲ.)

ಅಕ್ಕನಿಗೆ ಇನ್ನೂ ಹೇಳಿಲ್ಲ. ಹೇಳಿದರೆ ಚೊಂಬು ತಂದು ಮುಂದಿಟ್ಟಾಳು. ಫೋರ್ಕುಗಳು ಪೆಟ್ಟಿಗೆಯಲ್ಲೇ ಇವೆ. ಒಂದು ಚಮಚ ಮಾತ್ರ ಅಡಿಗೆಮನೆಯಲ್ಲಿದೆ. ಅದರ ಎಡ ಅಂಚು ಸವೆದಿದೆ. ಅಮ್ಮ ಹಾಲಿನ ಪಾತ್ರೆಯ ತಳ ಕೆರೆದು ನಮಗೆ ಕೆನೆ ಕೊಡುತ್ತಿದ್ದದ್ದು ಅದರಲ್ಲೇ.