ಬಾರ್ನೆಟ್ ಪಂಡಿತರ ಶಾಸನ ಸಂಪಾದನೆ

ಕನ್ನಡ ಶಾಸನಗಳನ್ನು ಸಂಪಾದಿಸಿದ ಆಂಗ್ಲ ಪಂಡಿತರೆಂದೊಡನೆ ಫ್ಲೀಟ್, ರೈಸ್ ಮಹಾಶಯರ ನೆನಪಾಗುವುದು ಸಹಜವು. ಇವರೀರ್ವರೂ ಈ ದೇಶದಲ್ಲಿ ಅಧಿಕಾರದಲ್ಲಿದ್ದು ಶಿಲೆಗಳನ್ನು ಕಣ್ಣಾರೆ ಕಂಡವರು. ಲಯೋನೆಲ್ ಡೇವಿಡ್ ಬಾರ್ನೆಟ್ಟರಾದರೋ (1871–1960) ಲಂಡನ್ನಿನಲ್ಲಿದ್ದುಕೊಂಡೇ ಈ ಕಾರ್ಯವನ್ನು ನಡೆಸಿದರು. ಅವರ ಸಂಪಾದನೆಯ ಗುಣದೋಷಗಳನ್ನು ಈ ದೂರವನ್ನು ನೆನೆದೇ ವಿಚಾರಿಸಬೇಕು.

ಕೇಂಬ್ರಿಜ್ಜಿನಲ್ಲಿ ವ್ಯಾಸಂಗ ಮಾಡಿದ ಬಾರ್ನೆಟ್ಟರು 1899ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮನ್ನು ಸೇರಿ, 1908ರಿಂದ 1936ರ ವರೆಗೆ ಅಲ್ಲಿನ ಪೌರಸ್ತ್ಯ ಗ್ರಂಥವಿಭಾಗದ ಮುಖ್ಯಾಧಿಕಾರಿಗಳಾಗಿದ್ದರು. ಇದರೊಡನೆ 1906ರಿಂದ 1917ರ ವರೆಗೆ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಸಂಸ್ಕೃತ ಪ್ರಾಧ್ಯಾಪಕರಾಗಿಯೂ, ಬಳಿಕ ಅಲ್ಲಿನ ಪೌರಸ್ತ್ಯ ವಿದ್ಯಾಶಾಲೆಯಲ್ಲಿ ಅಧ್ಯಾಪಕರಾಗಿಯೂ ಇದ್ದರು. ಮ್ಯೂಸಿಯಮ್ಮಿನ ಕನ್ನಡ, ಬಡಗ, ಕೊಡಗು ಗ್ರಂಥಗಳ ಸೂಚಿಯನ್ನು 1910ರಲ್ಲಿ ಪ್ರಕಟಿಸಿದರು. ಗ್ರಂಥಪಾಲನ, ಅಧ್ಯಾಪನಗಳೆರಡರ ಶಿಸ್ತೂ ಅವರ ಶಾಸನಪಾಠಗಳಲ್ಲಿ ತೋರುತ್ತದೆ.

'ಎಪಿಗ್ರಾಫಿಯಾ ಇಂಡಿಕಾ'ದ 12ನೆಯ ಸಂಪುಟದಲ್ಲಿ ಸುರಪುರ ಸೀಮೆಯ ಏವೂರಿನ ಶಾಸನಗಳನ್ನೂ, 13ನೆಯದರಲ್ಲಿ ಇಟಗಿಯ ಮಹಾದೇವ ದೇವಾಲಯದ 1112ರ ಶಾಸನವನ್ನೂ ಅವರು ಸಂಪಾದಿಸಿದರು. ಚಾಳುಕ್ಯರ ವಂಶಾವಳಿಯನ್ನರಿಯಲು 1077ರ ಏವೂರಿನ ಶಾಸನವು ಮುಖ್ಯ ಆಧಾರಗಳಲ್ಲೊಂದು. ಮಸಿಯಚ್ಚುಗಳನ್ನೇ ನಂಬಿ ಇಂತಹ ದೀರ್ಘಶಾಸನಗಳನ್ನು ಓದಿ, ಪಾಠವನ್ನು ನಿಶ್ಚಯಿಸಿ, ಅರ್ಥವನ್ನು ಬರೆಯುವುದು ಅಲ್ಪಸಾಹಸವಲ್ಲ.

ಆದರೆ ಈ ಪಾಠಗಳು ರೋಮನ್ ಲಿಪಿಯಲ್ಲಿವೆ, ಅನುವಾದವು ಇಂಗ್ಲಿಷಿನಲ್ಲಿದೆ. ಇತಿಹಾಸಕಾರನಿಗೆ ಇದು ಸಾಕಾದೀತು, ಸಾಹಿತ್ಯಾಭ್ಯಾಸಿಗೆ ಸಾಲದು. ಇಟಗಿಯಂತಹ ಶಾಸನವು ದಾನಪತ್ರವಾಗಿರುವಂತೆ ಚಂಪೂರೀತಿಯ ಕಾವ್ಯವೂ ಆಗಿದೆ. ಅದರ ಕಂದವೃತ್ತಗಳ ಪ್ರಾಸವೂ ಶ್ಲೇಷೆಯೂ ಅನುವಾದದಲ್ಲಿ ಉಳಿಯಲಾರವು. ಶಾಸನಕವಿಯ ಯೋಗ್ಯತೆಯನ್ನು ಅಳೆಯುವ ಕೆಲಸವನ್ನು ಕನ್ನಡಿಗರೇ ಮಾಡಬೇಕು.

ಭೀಮೆಯ ಉತ್ತರದ ಆಳಂದ, ಅಫಜಲಪುರಗಳಿಗೂ ದಕ್ಷಿಣದ ಜೇವರ್ಗಿಗೂ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ಆರನೆಯ ವಿಕ್ರಮಾದಿತ್ಯನ ಮಗನಾದ ಯುವರಾಜ ಮಲ್ಲಿಕಾರ್ಜುನನ ಆಳಂದದ ಶಾಸನವನ್ನು ಪಿ. ಬಿ. ದೇಸಾಯಿಯವರು ಬೆಳಕಿಗೆ ತಂದರು. ಈ ಸೀಮೆಯ ಶಾಸನಗಳನ್ನು ಹುಡುಕುತ್ತ ತಿರುಗಿದ ಅವರು 1958ರಲ್ಲಿ ಹೈದರಾಬಾದ್ ರಾಜ್ಯದ ಕನ್ನಡ ಜಿಲ್ಲೆಗಳ ಶಾಸನಸಂಪುಟವನ್ನು ಹೊರತಂದರು. ಬಾರ್ನೆಟ್ಟರಿಗೆ ಒದಗದಿದ್ದ ಸ್ಥಳಪರಿಚಯವು ಅವರಿಗಿದ್ದಿತು.

2009ರಲ್ಲಿ ಸ್ಥಾಪಿತವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವು ಆಳಂದ ತಾಲೂಕಿನ ಕಡಗಂಚಿಯಲ್ಲಿದೆ. ಶಿಲೆಯೂ ವಿದ್ಯಾಪೀಠವೂ ಒಂದೇ ಸೀಮೆಯಲ್ಲಿರುವಾಗ, ಬಾರ್ನೆಟ್ಟರ ಪಾಠಶಿಸ್ತನ್ನು ಕಲಿತು, ಶಾಸನಗಳನ್ನು ಸ್ಥಳದಲ್ಲಿಯೇ ಮತ್ತೆ ಓದಿ, ಕನ್ನಡ ಲಿಪಿಯಲ್ಲಿ ಛಂದೋವಿವರ ಸಹಿತವಾಗಿ ತರಗತಿಗೆ ಒದಗಿಸುವುದು ಅಧ್ಯಾಪಕರ ಕರ್ತವ್ಯವು.