ಮುಂದಲೆಯ ಗುಟ್ಟು

ಪಿಲ್ಲಗುಂಪೆ ಕೈಗಾರಿಕಾ ಪ್ರದೇಶದಲ್ಲಿ ಮೊದಲ ಶಿಫ್ಟು ಬಿಡುವ ಹೊತ್ತಿಗೆ ಟೀ ಅಂಗಡಿಯ ಬೆಂಚಿನ ಮೇಲೆ ಕೂತರೆ ಬರೀ ತಲೆ ನೋಡಿಕೊಂಡೇ ಅರ್ಧ ಗಂಟೆ ಕಳೆಯಬಹುದು. ಬಲೆ ಟೋಪಿಯ ಎಲಾಸ್ಟಿಕ್ಕು ಹಣೆಗೆ ಅಡ್ಡಲಾಗಿ ಕೆಂಪು ಗೆರೆ ಎಳೆದಿರುತ್ತದೆ. ಎಂಟು ಗಂಟೆ ಅದರೊಳಗೆ ಬೆಂದ ಕೂದಲು ಬೆವರಿಗೆ ನೆತ್ತಿ ಕಚ್ಚಿಕೊಂಡಿರುತ್ತದೆ. ಅಲ್ಲೇ ಕೆಲಸ ಮಾಡುವ ನಮ್ಮ ಅಕ್ಕನ ಮಗಳು ಕಳೆದ ಶನಿವಾರ ಹಾಗೇ ಹೊರಗೆ ಬಂದವಳು, ಐದು ನಿಮಿಷ ಮರೆಯಾಗಿ, ಬೇರೆಯೇ ಹುಡುಗಿಯಾಗಿ ಬಂದು ನನ್ನೆದುರು ನಿಂತಳು. ಹುಣಸೆ ಬೀಜದ ಬಣ್ಣದ ಕೂದಲು, ಭುಜಕ್ಕೆ ಸರಿಯಾಗಿ ಕತ್ತರಿಸಿದ್ದು. ಬುತ್ತಿ ಡಬ್ಬಿಯ ಪಕ್ಕದಲ್ಲಿ ಇಟ್ಟುಕೊಂಡು ಬಂದಿದ್ದ ವಿಗ್ಗು.

"ಹೆಂಗಿದೆ ಚಿಕ್ಕಮ್ಮ?" ಅಂದಳು.

"ಕೂದ್ಲು ಚೆನ್ನಾಗೈತೆ ಕಣೇ, ಹಣೆ ಸರಿ ಇಲ್ಲ" ಅಂದೆ.

ಮುಖ ಊದಿಸಿಕೊಂಡಳು. ಅವಳಿಗೆ ಸೊಂಟ ಮುಟ್ಟುವ ಸ್ವಂತ ಜಡೆ ಇದೆ. ಅದನ್ನು ಕತ್ತರಿಸಲು ಮನೆಯಲ್ಲಿ ಒಪ್ಪುವುದಿಲ್ಲ, ಕತ್ತರಿಸಿಯೇಬಿಡುವ ಧೈರ್ಯ ಅವಳಿಗೂ ಇಲ್ಲ. ಜಡೆ ಉಳಿಸಿಕೊಂಡೇ ಬಾಬ್ ಕಟ್ಟಿನ ಹುಡುಗಿಯಾಗುವ ದಾರಿ ಹುಡುಕಿದ್ದಾಳೆ. ಸೀರೆ ಉಡುವವಳು ಒಂದು ದಿನ ಜೀನ್ಸ್ ತೊಟ್ಟ ಹಾಗೆ. ಇದರಲ್ಲಿ ತಪ್ಪೇನಿಲ್ಲ, ಖುಷಿಯೇ ಇದೆ. ಆದರೆ ಹಣೆಯ ವಿಷಯಕ್ಕೆ ನಾನು ಹೇಳಿದ ಮಾತನ್ನು ಹಿಂತೆಗೆದುಕೊಳ್ಳಲಾರೆ. ವಿಗ್ಗು ಕೊಳ್ಳಲು ಹೋದವರೆಲ್ಲ ನೋಡುವುದು ಉದ್ದ, ಬಣ್ಣ, ಹೊಳಪು. ನೋಡಬೇಕಾದದ್ದು ಅಂಚು. ಕೃತಕ ಕೂದಲು ನಿಜವಾದ ಚರ್ಮವನ್ನು ಮುಟ್ಟುವ ಆ ಒಂದು ಗೆರೆ, ನಮ್ಮ ಮುಂದಲೆ.

ನಮ್ಮ ಸೀಮೆಯವರಿಗೆ ಇದು ಹೊಸ ವಿದ್ಯೆಯಲ್ಲ. ಹೊಸಕೋಟೆ, ಮಾಲೂರು, ಚಿಂತಾಮಣಿ ಕಡೆಯ ಹಳ್ಳಿಗಳಲ್ಲಿ ರಾತ್ರಿಯಿಡೀ 'ಕುರುಕ್ಷೇತ್ರ' ಆಡುವವರನ್ನು ಕೇಳಿ. ಸೀನರಿಯ ಜೊತೆಗೆ ಬಾಡಿಗೆಗೆ ಬರುವ ತಗಡಿನ ಟ್ರಂಕಿನಲ್ಲಿ ಕಿರೀಟ, ಗದೆ, ಭುಜಕೀರ್ತಿಗಳ ಕೆಳಗೆ ಕಪ್ಪಗೆ ಗುಂಗುರುಗುಂಗುರಾಗಿ ಬಿದ್ದಿರುತ್ತದೆ ಟೋಪನ್. ನಾಟಕದವರ ಬಾಯಲ್ಲಿ ವಿಗ್ಗಿಗೆ ಅದೇ ಹೆಸರು. ಹಗಲು ಹೊತ್ತಿನಲ್ಲಿ ಎತ್ತಿ ನೋಡಿದರೆ ದನದ ಬಾಲ ಹಿಡಿದಂತೆ ಒರಟು. ಆದರೂ ರಾತ್ರಿ ಹತ್ತಕ್ಕೆ ದುರ್ಯೋಧನ ಎದ್ದು ನಿಂತರೆ ಯಾರ ಕಣ್ಣಿಗೂ ಅದು ಸುಳ್ಳು ಅನಿಸುವುದಿಲ್ಲ. ಯಾಕೆಂದರೆ ಹಣೆಯ ಗೆರೆಯ ಮೇಲೆ ಕಿರೀಟ ಕೂತಿರುತ್ತದೆ. ಬೆಳಗಿನ ಜಾವ ಗದಾಯುದ್ಧದ ಹೊತ್ತಿಗೆ ಕಿರೀಟ ಎರಡು ಬೆರಳು ಹಿಂದಕ್ಕೆ ಜಾರುತ್ತದೆ, ಟೋಪನ್ನಿನ ಬಟ್ಟೆಯ ಅಂಚು ಇಣುಕುತ್ತದೆ, ಮುಂದೆ ಚಾಪೆಯ ಮೇಲೆ ಕೂತ ಮಕ್ಕಳು ಕಿಸಕ್ಕನೆ ನಗುತ್ತವೆ. ಅದುವರೆಗೆ ಭೀಮನಾಗಿದ್ದವನು ಆ ಗಳಿಗೆಯಲ್ಲಿ ಪಕ್ಕದ ಬೀದಿಯವನಾಗಿಬಿಡುತ್ತಾನೆ. ಕರಾವಳಿಯ ಯಕ್ಷಗಾನದವರು ಇನ್ನೂ ಜಾಣರು. ಅವರ ಒಂದು ಶಿರೋಭೂಷಣದ ಹೆಸರೇ ಕೇದಗೆ ಮುಂದಲೆ. ಹಣೆಯನ್ನು ಮೊದಲು ಗೆದ್ದರೆ ಉಳಿದದ್ದು ತಾನಾಗಿ ಬರುತ್ತದೆ ಎಂದು ಅವರಿಗೆ ಗೊತ್ತು.

ಹೆಂಗಸರ ಚೌರಿಯದೂ ಇದೇ ಕಥೆ. ನಮ್ಮ ಅಜ್ಜಿ ತಲೆ ಬಾಚಿದಾಗ ಉದುರಿದ ಕೂದಲನ್ನು ಬೆರಳಿಗೆ ಸುತ್ತಿ ಗೋಡೆಯ ಗೂಡಿನಲ್ಲಿ ಇಡುತ್ತಿದ್ದಳು. ವರ್ಷಗಟ್ಟಲೆ ಕೂಡಿಟ್ಟದ್ದನ್ನು ಕೊಟ್ಟು ಚೌರಿ ಕಟ್ಟಿಸಿಕೊಂಡಿದ್ದಳು. ತನ್ನ ಕೂದಲಿಗೆ ತನ್ನದೇ ಕೂದಲಿನ ಜೋಡಣೆ, ಹೀಗಾಗಿ ಬಣ್ಣ ಹೊಂದದ ಮಾತೇ ಇಲ್ಲ. ಸ್ವಂತ ಜಡೆಗೂ ಚೌರಿಗೂ ಬೆಸುಗೆಯಾಗುವ ಜಾಗದಲ್ಲಿ ಒಂದು ಗಂಟು ಉಬ್ಬಿರುತ್ತದಲ್ಲ, ಅದರ ಮೇಲೆ ಒಂದು ಮೊಳ ಕಾಕಡ, ಇಲ್ಲವೇ ಒಂದು ಜಡೆಬಿಲ್ಲೆ. ತುದಿ ಕಾಣದಿರಲು ಕುಚ್ಚು. ಮದುಮಗಳ ಮೊಗ್ಗಿನ ಜಡೆಯಲ್ಲಂತೂ ಮೇಲಿಂದ ಕೆಳಗಿನವರೆಗೆ ಹೂವೇ. ಒಳಗೆ ಅಸಲಿ ಎಷ್ಟು, ಚೌರಿ ಎಷ್ಟು ಎಂದು ಗಂಡಿನ ಕಡೆಯವರು ಕೇಳಿದ್ದನ್ನು ನಾನಂತೂ ಕಂಡಿಲ್ಲ. ಭರತನಾಟ್ಯದ ಮಕ್ಕಳು ರಂಗಪ್ರವೇಶಕ್ಕೆ ಕಟ್ಟುವ ಜಡೆ ಕೂಡ ಇದೇ ಲೆಕ್ಕ. ಕೃತಕ ಕೂದಲಿಗೆ ನಾವು ನಾಚಿದವರೇ ಅಲ್ಲ. ಬೋಳು ಮುಚ್ಚುವ ಗಂಡಸರ ಕೈಗೆ ಅದು ಸಿಕ್ಕಿದ ಮೇಲೆಯೇ ಗುಸುಗುಸು ಶುರುವಾದದ್ದು.

ಕಿರೀಟ ಇಲ್ಲ, ಹೂವೂ ಇಲ್ಲ, ಬರೀ ವಿಗ್ಗು ಹಾಕಿಕೊಂಡು ಬಿಸಿಲಿಗೆ ಬರುವವರು ಏನು ಮಾಡಬೇಕು? ಎರಡೇ ದಾರಿ. ಒಂದು, ಅಂಚನ್ನು ಚೆಂದವಾಗಿ ಮುಚ್ಚುವುದು. ಇನ್ನೊಂದು, ಇದು ವಿಗ್ಗೇ ಎಂದು ರಾಜಾರೋಷವಾಗಿ ಸಾರುವುದು. ನೇರಳೆ ಬಣ್ಣದ್ದೋ ಗಿಣಿ ಹಸಿರಿನದೋ ಹಾಕಿಕೊಂಡವಳನ್ನು ಯಾರೂ 'ನಿಂದೇನಾ' ಎಂದು ಕೇಳುವುದಿಲ್ಲ. ಹದಿನೆಂಟನೇ ಶತಮಾನದ ಯೂರೋಪಿನ ದೊರೆಗಳು ಮಾಡಿದ್ದೂ ಇದನ್ನೇ. ಬಿಳಿ ಪುಡಿ ಮೆತ್ತಿದ ವಿಗ್ಗನ್ನು ಯಾರೂ ನಿಜವೆಂದು ನಂಬುತ್ತಿರಲಿಲ್ಲ, ನಂಬಿಸುವ ಉದ್ದೇಶವೂ ಅವರಿಗಿರಲಿಲ್ಲ. ಅದು ಪೇಟ ಇದ್ದ ಹಾಗೆ, ಅಂತಸ್ತಿನ ಗುರುತು. 1795ರಲ್ಲಿ ಬ್ರಿಟನ್ನಿನ ಪ್ರಧಾನಿ ಪಿಟ್ ಆ ಪುಡಿಯ ಮೇಲೆ ವರ್ಷಕ್ಕೆ ಒಂದು ಗಿನಿ ತೆರಿಗೆ ಹಾಕಿದ ಮೇಲೆ ಷೋಕಿ ಇಳಿದುಹೋಯಿತು. ಕೆಡುವುದು ಈ ಎರಡೂ ಅಲ್ಲದ ನಡುದಾರಿ ಹಿಡಿದಾಗ. ಅಸಲಿಯಂತೆ ಕಾಣಬೇಕೆಂಬ ಆಸೆ, ಆದರೆ ಅಂಚಿಗೆ ಖರ್ಚು ಮಾಡಲು ಮನಸ್ಸಿಲ್ಲ.

ಹಾಗಾಗಿ ಅಂಗಡಿಯಲ್ಲಿ ವಿಗ್ಗು ಕೈಗೆ ಬಂದ ಕೂಡಲೇ ಒಳಗಡೆ ತಿರುಗಿಸಿ ನೋಡಿ. ಪಟ್ಟಿಪಟ್ಟಿಯಾಗಿ ಕೂದಲಿನ ಸಾಲನ್ನು ಎಲಾಸ್ಟಿಕ್ಕಿನ ಮೇಲೆ ಮಿಷಿನ್ ಹೊಲಿಗೆ ಹಾಕಿದ್ದರೆ ಅದು ಅಗ್ಗದ್ದು, ಗಾಳಿಯಾಡುತ್ತದೆ, ಗಟ್ಟಿ. ಆದರೆ ಬೈತಲೆ ತೆಗೆದರೆ ಹೊಲಿಗೆ ಕಾಣುತ್ತದೆ. ಹಣೆಯ ಕಡೆ ಸೊಳ್ಳೆ ಪರದೆಗಿಂತ ನವಿರಾದ ಬಲೆ ಇದ್ದು, ಅದಕ್ಕೆ ಒಂದೊಂದೇ ಎಳೆಯನ್ನು ಕೈಯಲ್ಲಿ ಗಂಟು ಹಾಕಿದ್ದರೆ ಅದು ಲೇಸ್ ಫ್ರಂಟ್. ಹಿಂದಕ್ಕೆ ಬಾಚಿದರೂ ಚರ್ಮದಿಂದಲೇ ಹುಟ್ಟಿದಂತೆ ಕಾಣುತ್ತದೆ. ಬೈತಲೆಯ ಜಾಗಕ್ಕೆ ಮಾತ್ರ ಇಂಥ ಬಲೆ ಹಾಕಿದ್ದೂ ಸಿಗುತ್ತದೆ, ಅದನ್ನು ಮೋನೋಫಿಲಮೆಂಟ್ ಎನ್ನುತ್ತಾರೆ. ದುಡ್ಡು ಕಡಿಮೆ ಇದ್ದರೆ ಮಿಷಿನ್ ಹೊಲಿಗೆಯದನ್ನೇ ಕೊಳ್ಳಿ, ಆದರೆ ಹಣೆಯ ಮೇಲೆ ಮುಂಗೂದಲು ಇಳಿಬಿದ್ದದ್ದನ್ನು ಆರಿಸಿ. ಮುಂಗೂದಲೇ ಬಡವರ ಕಿರೀಟ.

ಆಮೇಲೆ ಕೂದಲಿನ ಜಾತಿ. ಸಿಂಥೆಟಿಕ್ ಆದರೆ ಕಟ್ಟು ಕೆಡುವುದಿಲ್ಲ, ಒಗೆದು ಒಣಗಿಸಿದರೆ ಮತ್ತೆ ಅದೇ ಆಕಾರಕ್ಕೆ ಬರುತ್ತದೆ. ಒಲೆಯ ಮುಂದೆ ನಿಂತರೆ ಮಾತ್ರ ತುದಿ ಸುಕ್ಕುಗಟ್ಟುತ್ತದೆ, ದೋಸೆ ಹಂಚಿನ ಹತ್ತಿರ ಅದಕ್ಕೆ ಕೆಲಸವಿಲ್ಲ. ಮನುಷ್ಯರ ಕೂದಲಾದರೆ ಬಿಸಿ ತಡೆಯುತ್ತದೆ, ಬಣ್ಣ ಹಿಡಿಯುತ್ತದೆ, ಬೆಲೆಯೂ ಹಲವು ಪಟ್ಟು. ನಾನೊಮ್ಮೆ ಮೋಸಹೋಗಿದ್ದೇನೆ. 'ನೂರಕ್ಕೆ ನೂರು ಅಸಲಿ' ಎಂದು ಹೇಳಿ ಮಾರಿದ್ದನ್ನು ಮನೆಗೆ ತಂದು, ಅನುಮಾನ ಬಂದು ಎರಡು ಎಳೆ ಕಿತ್ತು ದೀಪಕ್ಕೆ ಹಿಡಿದೆ. ಅಸಲಿ ಕೂದಲು ಕೋಳಿ ಪುಕ್ಕ ಸುಟ್ಟ ವಾಸನೆ ಬಂದು ಬೂದಿಯಾಗಬೇಕು, ಬೆರಳಲ್ಲಿ ಉಜ್ಜಿದರೆ ಪುಡಿಯಾಗಬೇಕು. ನನ್ನದು ಕರಗಿ ಸಾಸಿವೆ ಕಾಳಿನಂಥ ಗಟ್ಟಿ ಗುಂಡಾಯಿತು. ದೀಪದ ಪರೀಕ್ಷೆಯನ್ನು ದುಡ್ಡು ಕೊಡುವ ಮೊದಲೇ ಮಾಡಿ.

ಅಸಲಿಯಲ್ಲೂ ಎರಡು ಬಗೆ. ಕೂದಲಿನ ಮೈಮೇಲೆ ಮನೆಯ ಹೆಂಚಿನಂತೆ ಒಂದರ ಮೇಲೊಂದು ಕೂತ ಪದರಗಳಿವೆ, ಬುಡದಿಂದ ತುದಿಯ ಕಡೆಗೆ ಇಳಿಜಾರು. ಎಲ್ಲ ಎಳೆಗಳ ಬುಡ ಒಂದೇ ಕಡೆ ಇದ್ದರೆ ಸಿಕ್ಕಾಗುವುದಿಲ್ಲ. ವ್ಯಾಪಾರದಲ್ಲಿ ಅದನ್ನು ರೆಮಿ ಎನ್ನುತ್ತಾರೆ. ಜಡೆ ಕಟ್ಟಿ ಒಮ್ಮೆಗೇ ಕತ್ತರಿಸಿದ್ದು, ದೇವಸ್ಥಾನದಲ್ಲಿ ಮುಡಿ ಕೊಟ್ಟದ್ದು ಈ ಬಗೆಯದು. ಬಾಚಣಿಗೆಯಿಂದ ಕೂಡಿಟ್ಟ ಉದುರು ಕೂದಲಿನಲ್ಲಿ ಬುಡ ತುದಿ ಎಲ್ಲ ಬೆರೆತಿರುತ್ತವೆ, ಹೆಂಚಿಗೆ ಹೆಂಚು ತಗುಲಿ ಗಂಟಾಗುತ್ತದೆ. ಅದಕ್ಕೆ ಆಸಿಡ್ ಸ್ನಾನ ಮಾಡಿಸಿ ಹೆಂಚು ಕಿತ್ತು, ಮೇಲೆ ಸಿಲಿಕೋನ್ ಹಚ್ಚಿ ಮಿಂಚಿಸುತ್ತಾರೆ. ಅಂಗಡಿಯಲ್ಲಿ ರೇಷ್ಮೆ, ನಾಲ್ಕು ತೊಳೆತಕ್ಕೆ ತೆಂಗಿನ ನಾರು. ಅತಿ ಹೊಳೆಯುವುದನ್ನು ಕಂಡರೆ ನನಗೆ ಭಯ.

ಬೀದಿಯಲ್ಲಿ ಪಾತ್ರೆ ಕೊಟ್ಟು ಕೂದಲು ಕೊಳ್ಳುವವರು ಒಯ್ದ ಆ ಉಂಡೆಗಳು ಎಲ್ಲಿಗೆ ಹೋಗುತ್ತವೆ ಎಂಬ ಕುತೂಹಲವಿದ್ದರೆ ಕೊಪ್ಪಳದ ಪಕ್ಕದ ಭಾಗ್ಯನಗರಕ್ಕೆ ಹೋಗಬೇಕು. ಅಲ್ಲಿ ಕೂದಲೇ ಕಸುಬು. ಹೆಂಗಸರು ಸೂಜಿ ಹಿಡಿದು ಎಳೆ ಎಳೆಯಾಗಿ ಸಿಕ್ಕು ಬಿಡಿಸುತ್ತಾರೆ. ಉಕ್ಕಿನ ಮೊಳೆ ಜಡಿದ ಹಲಗೆಯ ಮೇಲೆ ಎಳೆದು, ಉದ್ದಕ್ಕೆ ತಕ್ಕಂತೆ ಬೇರ್ಪಡಿಸಿ, ಕಟ್ಟು ಕಟ್ಟಿ ಹೊರದೇಶಕ್ಕೆ ಕಳಿಸುತ್ತಾರೆ. ಕಚ್ಚಾ ಮಾಲು ಕಳ್ಳದಾರಿಯಲ್ಲಿ ಗಡಿ ದಾಟುತ್ತಿದೆ ಎಂಬ ಕೂಗು ಎದ್ದು 2022ರ ಜನವರಿಯಲ್ಲಿ ಕೇಂದ್ರ ಸರ್ಕಾರ ಕಚ್ಚಾ ಕೂದಲಿನ ರಫ್ತಿಗೆ ನಿರ್ಬಂಧ ಹಾಕಿತು. ಇನ್ನು ತಿರುಮಲೆಯ ಕಲ್ಯಾಣಕಟ್ಟೆಯ ಮುಡಿ ಹರಾಜಾಗಿ ಹೋಗುತ್ತದೆ. ಮದುವೆಯಾದ ಸಂಪ್ರದಾಯಸ್ಥ ಯಹೂದಿ ಹೆಂಗಸರು ಸ್ವಂತ ಕೂದಲು ಪರರಿಗೆ ಕಾಣಬಾರದೆಂದು ವಿಗ್ಗು ಧರಿಸುತ್ತಾರೆ. ಆ ವಿಗ್ಗುಗಳ ಕೂದಲು ಹೀಗೆ ಹಿಂದೂ ದೇವರಿಗೆ ಅರ್ಪಿಸಿದ್ದು ಎಂಬ ವಿಷಯ ಎದ್ದು, 2004ರ ಮೇ ತಿಂಗಳಲ್ಲಿ ಜೆರುಸಲೇಮಿನ ಹಿರಿಯ ಧರ್ಮಗುರುವೊಬ್ಬರು ಅದು ನಿಷಿದ್ಧ ಎಂದುಬಿಟ್ಟರು. ನ್ಯೂಯಾರ್ಕಿನ ಬ್ರೂಕ್ಲಿನ್ ಬೀದಿಯಲ್ಲಿ ಬೆಲೆಬಾಳುವ ವಿಗ್ಗುಗಳನ್ನು ರಾಶಿ ಹಾಕಿ ಸುಟ್ಟರು. ಕೂದಲು ಬೆಳೆಯುವುದು ತಿಂಗಳಿಗೆ ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು. 18 ಇಂಚಿನ ವಿಗ್ಗು ಎಂದರೆ ಯಾರೋ ಮೂರೂವರೆ ವರ್ಷ ಎಣ್ಣೆ ಹಚ್ಚಿ ಬಾಚಿ ಸಾಕಿದ್ದು. ಅಷ್ಟು ತಿಳಿದು ತಲೆಗೇರಿಸಿಕೊಳ್ಳಿ.

ನಮ್ಮ ಹುಡುಗಿಗೆ ಅಂದು ಟೀ ಅಂಗಡಿಯಲ್ಲೇ ಇನ್ನಷ್ಟು ಪಾಠವಾಯಿತು. ಉದ್ದ ಜಡೆ ಇರುವವರು ಅದನ್ನು ತುರುಬು ಕಟ್ಟಿ ವಿಗ್ಗು ಹಾಕಿದರೆ ಹಿಂದೆ ಮಡಕೆ ಕೂರಿಸಿದಂತೆ ಉಬ್ಬುತ್ತದೆ. ಎರಡು ಜಡೆ ಹೆಣೆದು, ತಲೆಯ ಸುತ್ತ ಚಪ್ಪಟೆಯಾಗಿ ಸುತ್ತಿ ಪಿನ್ನು ಚುಚ್ಚಿ, ಮೇಲೆ ತೆಳು ಟೋಪಿ ಎಳೆಯಬೇಕು. ಟೇಪು ಹಿಡಿದು ತಲೆ ಅಳೆಯಬೇಕು. ಹೆಂಗಸರಿಗೆ ಸಾಮಾನ್ಯವಾಗಿ 22 ಇಂಚಿನ ಆಸುಪಾಸು, ಸುತ್ತಿದ ಜಡೆಗೆ ಇನ್ನು ಅರ್ಧ ಇಂಚು ಸೇರಿಸಿಕೊಳ್ಳಿ. ಕೂದಲಿನ ದಟ್ಟಣೆ ಹೆಚ್ಚಿದ್ದಷ್ಟೂ ಒಳ್ಳೆಯದೆಂದು ಅಂಗಡಿಯವರು ಹೇಳುತ್ತಾರೆ, ನಂಬಬೇಡಿ. ಹಣೆಯ ಹತ್ತಿರ ನಮ್ಮೆಲ್ಲರ ಕೂದಲೂ ತೆಳುವೇ. ಚಿಂತಾಮಣಿ ರಸ್ತೆಯಲ್ಲಿ ಸ್ಕೂಟರ್ ಓಡಿಸುವುದಾದರೆ ವಿಗ್ಗಿನ ಮೇಲೆ ಹೆಲ್ಮೆಟ್ಟು ಬೇಡ. ಕತ್ತಿನ ಹತ್ತಿರ ಉಜ್ಜಿ ಉಜ್ಜಿ ಸಿಂಥೆಟಿಕ್ ಎಳೆಗಳು ಪಾತ್ರೆ ತಿಕ್ಕುವ ನಾರಾಗುತ್ತವೆ. ಹೆಲ್ಮೆಟ್ಟು ತಲೆಗೆ, ವಿಗ್ಗು ಡಿಕ್ಕಿಗೆ, ಇಳಿದ ಮೇಲೆ ಅಲಂಕಾರ. ತೊಳೆಯುವಾಗ ತಣ್ಣೀರಿಗೆ ಒಂದು ಚಮಚ ಶಾಂಪೂ, ಅದ್ದಿ ತೆಗೆಯಿರಿ, ಹಿಂಡಬೇಡಿ. ಅಗಲ ಹಲ್ಲಿನ ಬಾಚಣಿಗೆಯಲ್ಲಿ ತುದಿಯಿಂದ ಮೇಲಕ್ಕೆ ಬಿಡಿಸುತ್ತ ಬನ್ನಿ. ಒಣಗಿಸಲು ಸ್ಟ್ಯಾಂಡು ಕೊಳ್ಳುವುದೇಕೆ, ಬೋರಲು ಹಾಕಿದ ಹಿತ್ತಾಳೆ ಬಿಂದಿಗೆ ಇದೆಯಲ್ಲ.

ನಾನು ಹೇಳಿದ್ದೆಲ್ಲ ಅವಳು ಕೇಳಿಸಿಕೊಂಡಳೋ ಇಲ್ಲವೋ, ಈ ವಾರ ಹೊಸಕೋಟೆಯ ಛತ್ರದಲ್ಲಿ ನೆಂಟರ ಮದುವೆಗೆ ಬಂದಾಗ ಹಣೆ ಮಾತ್ರ ಸರಿಯಾಗಿತ್ತು. ಪಾರ್ಲರಿಗೆ ಹೋಗಿ ವಿಗ್ಗಿಗೆ ಮುಂಗೂದಲು ಕತ್ತರಿಸಿಕೊಂಡು ಬಂದಿದ್ದಾಳೆ, ಹುಬ್ಬಿನ ಮೇಲೆ ಒಂದು ಬೆರಳು ಬಿಟ್ಟು. ಹುಣಸೆ ಬೀಜದ ಬಣ್ಣ ಅವಳ ಸಾಸಿವೆ ಹಳದಿ ಸೀರೆಗೆ ಒಗ್ಗಿತ್ತು. ಊಟದ ಪಂಕ್ತಿಯಲ್ಲಿ ನೆಂಟರ ಪೈಕಿ ಒಬ್ಬ ಅಜ್ಜಿ ಅವಳ ಕೈ ಹಿಡಿದು ನಿಲ್ಲಿಸಿದರು.

"ಅಯ್ಯೋ, ಅಷ್ಟುದ್ದ ಜಡೆ ಕತ್ತರಿಸ್ಬಿಟ್ಟೇನೇ?"

"ಇಲ್ಲ ಅಜ್ಜಿ, ಇದು ಹಾಕ್ಕೊಂಡಿರೋದು" ಎಂದು ಅವಳು ಕಿವಿಯ ಹತ್ತಿರ ಅಂಚನ್ನು ಒಂದಿಷ್ಟು ಎತ್ತಿ ತೋರಿಸಿದಳು.

ಅಜ್ಜಿ ತಮ್ಮ ತುರುಬಿನ ಕನಕಾಂಬರವನ್ನು ಬೆರಳಿನಿಂದ ಸರಿಸಿ, ಅದರಡಿಯ ಗಂಟನ್ನು ಮುಟ್ಟಿಸಿದರು. "ನಂದೂ ಅರ್ಧ ಚೌರೀನೇ ಬಿಡು" ಎಂದು ನಕ್ಕು, ಆ ಬಾಬ್ ಕಟ್ಟನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು. "ಇದಕ್ಕೆ ಎಣ್ಣೆ ಹಚ್ತೀಯಾ?"

"ಇಲ್ಲ, ಹಚ್ಚಬಾರದು ಅಜ್ಜಿ."

"ಎಣ್ಣೆ ಕೇಳದೇ ಇರೋ ಕೂದ್ಲಾ!" ಎಂದು ಅಜ್ಜಿ ಎಲೆಯ ಕಡೆ ತಿರುಗಿದರು. "ಸಾಕೋದು ಸುಲಭ ಬಿಡು. ನಂಗೂ ಒಂದು ನೋಡು, ಬೆಳ್ಳಿ ಬಣ್ಣದ್ದು."